ಮೊದಲ ಮರದ ಹಡಗು: ಯಾವ ಪೆಟ್ಟಿಗೆ, ಎಂಥ ಒಡಲು, ಯಾವ ಪಾಲಿಷ್?

ಮರದ ಮಾದರಿ ಹಡಗು ಕಟ್ಟಬೇಕೆಂದು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಎಚ್‌ಎಂಎಸ್ ವಿಕ್ಟರಿ ಮೇಲೆ. 1765ರಲ್ಲಿ ನೀರಿಗಿಳಿದ, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನನ್ನು ಹೊತ್ತಿದ್ದ ಹಡಗು. ನೂರಕ್ಕೂ ಮಿಕ್ಕಿ ಫಿರಂಗಿ, ಮೂರು ಕೂವೆಮರ (ಹಾಯಿ ಕಟ್ಟುವ ಎತ್ತರದ ಕಂಬ), ಕೆತ್ತನೆ ತುಂಬಿದ ಹಿಂಭಾಗ. ಜೋಡಿಸುವ ತುಂಡುಗಳೆಲ್ಲ ತುಂಬಿ ಬರುವ ಕಿಟ್ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ತೆರೆದ ಒಂದೆರಡು ವರ್ಷದಲ್ಲಿ ಆ ಪೆಟ್ಟಿಗೆ ಅಟ್ಟ ಸೇರುವುದೂ ಅಷ್ಟೇ ಸಾಮಾನ್ಯ.

ಅರ್ಧಕ್ಕೆ ನಿಂತ ಹಡಗುಗಳು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ನಿಲ್ಲುವ ಜಾಗ ಬಹುಮಟ್ಟಿಗೆ ಎರಡೇ. ಹಲಗೆಪಟ್ಟಿಗಳು ಹಡಗಿನ ಮೂತಿಗೆ ತಿರುಗುವ ಕಡೆ ಒಂದು, ಕೂವೆಮರಕ್ಕೆ ಹಗ್ಗದ ಏಣಿ ಕಟ್ಟುವ ಕಡೆ ಇನ್ನೊಂದು. ಹಾಗಾಗಿ ಮೊದಲ ಹಡಗನ್ನು ಹೆಸರು ನೋಡಿ ತೆಗೆದುಕೊಳ್ಳಬೇಡಿ, ಮೂತಿ ನೋಡಿ, ಹಗ್ಗ ಎಣಿಸಿ ತೆಗೆದುಕೊಳ್ಳಿ.

ಯಾವುದನ್ನು ಅಳೆದು ನೋಡಬೇಕು

ಮೂತಿಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ನೋಡಿ, ಪಕ್ಕದಿಂದ ತೆಗೆದದ್ದರಲ್ಲಿ ಏನೂ ತಿಳಿಯುವುದಿಲ್ಲ. ವೀಳ್ಯದೆಲೆಯ ತುದಿಯ ಹಾಗೆ ನಿಧಾನವಾಗಿ ಚೂಪಾಗುತ್ತಾ ಹೋದರೆ ಪಟ್ಟಿ ತಾನಾಗಿಯೇ ಬಾಗಿ ಕೂರುತ್ತದೆ. ಅರ್ಧ ತೆಂಗಿನ ಚಿಪ್ಪಿನ ಹಾಗೆ ಗುಂಡಗಿದ್ದರೆ ಒಂದೊಂದು ಪಟ್ಟಿಯನ್ನೂ ಬಿಸಿಮಾಡಿ ಬಗ್ಗಿಸಬೇಕು, ಕೊರೆದು ಕಿರಿದು ಮಾಡಬೇಕು. ಹದಿನೆಂಟನೇ ಶತಮಾನದ ಬ್ರಿಟಿಷ್ ಹಡಗುಗಳು ಬಹುತೇಕ ಚಿಪ್ಪಿನ ಜಾತಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಹಾಗೂ ಇಪ್ಪತ್ತನೆಯದರ ಮೊದಲ ಭಾಗದ ವೇಗದ ಹಾಯಿಹಡಗುಗಳಾದ ಸ್ಕೂನರ್, ಕ್ಲಿಪ್ಪರ್‌ಗಳು ಎಲೆಯ ಜಾತಿ.

ಹಗ್ಗದ ಲೆಕ್ಕ ಹೀಗೆ. ಕೂವೆಯನ್ನು ಎಡಬಲಕ್ಕೆ ಎಳೆದು ಹಿಡಿಯುವ ದಪ್ಪ ಹಗ್ಗಗಳಿಗೆ ಶ್ರೌಡ್ ಎನ್ನುತ್ತಾರೆ. ಅವುಗಳಿಗೆ ಅಡ್ಡಲಾಗಿ ಕಟ್ಟುವ ಮೆಟ್ಟಿಲುಗಳು ರ್‍ಯಾಟ್‌ಲೈನ್. ಒಂದು ಬದಿಗೆ 8 ಶ್ರೌಡ್, 25 ಮೆಟ್ಟಿಲು ಎಂದರೆ 200 ಗಂಟು. ಎರಡು ಬದಿಗೆ 400. ಮೂರು ಕೂವೆ, ಅವುಗಳ ಮೇಲಿನ ತುಂಡುಗಳನ್ನೂ ಸೇರಿಸಿದರೆ ಲೆಕ್ಕ ಸಾವಿರ ದಾಟಿ ಹೋಗುತ್ತದೆ, ಅಷ್ಟೂ ಚಿಮುಟದ ಕೆಲಸ. ಒಂದೇ ಕೂವೆಯ ದೋಣಿಗೆ ಬದಿಗೆ 4 ಶ್ರೌಡ್ ಎಂದರೆ ಒಟ್ಟು 200ಕ್ಕೆ ಮುಗಿಯಿತು. ಕೂವೆಗೆ ಅಡ್ಡಲಾಗಿ ಚೌಕ ಹಾಯಿಯ ತೊಲೆಗಳಿದ್ದರೆ ಒಂದೊಂದು ತೊಲೆಗೂ ಎತ್ತುವ, ತಿರುಗಿಸುವ, ಬಿಗಿಯುವ ಹಗ್ಗ ಬೇರೆ ಬೇರೆ. ಸ್ಕೂನರ್‌ನಂತೆ ಉದ್ದಕ್ಕೆ ಹಾಯಿ ಕಟ್ಟುವ ಹಡಗಿನಲ್ಲಿ ಈ ಗೋಜಲು ಅರ್ಧಕ್ಕಿಂತ ಕಡಿಮೆ.

ಮೂರನೆಯದು ಅಳತೆ, ಅಂದರೆ ಮಾದರಿ ನಿಜದ ಹಡಗಿನ ಎಷ್ಟನೇ ಒಂದು ಪಾಲು ಎಂಬುದು. 1:24 ಎಂದರೆ ದೊಡ್ಡ ತುಂಡುಗಳು, ಬೆರಳಿಗೆ ಸಿಗುತ್ತವೆ. 1:64 ಕಣ್ಣಿಗೆ ಹಿತವಾದ ಮಧ್ಯಮ. 1:96, 1:100ರಲ್ಲಿ ಹಡಗು ಚಿಕ್ಕದಾದಷ್ಟೂ ಕೆಲಸ ಕಷ್ಟವಾಗುತ್ತದೆ, ರಾಟೆಗಳು ಸಾಸಿವೆಗಿಂತ ತುಸು ದೊಡ್ಡವು ಅಷ್ಟೆ. ಚಾಳೀಸು ಬಂದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನಾಲ್ಕನೆಯದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ: ಒಡಲು ಬರಿಮರವಾಗಿ ಕಾಣಬೇಕೋ, ಬಣ್ಣ ಬಳಿಯಬೇಕೋ? ಇದನ್ನು ಮೊದಲ ಪಟ್ಟಿ ಅಂಟಿಸುವ ಮುಂಚೆಯೇ ತೀರ್ಮಾನಿಸಬೇಕು. ಬಣ್ಣ ಬಳಿಯುವ ಒಡಲಿಗೆ ಸಂದು ಬಿಟ್ಟ ಕಡೆ ಪುಟ್ಟಿ ತುಂಬಿ ಉಜ್ಜಿದರೆ ತಪ್ಪು ಮುಚ್ಚಿಹೋಗುತ್ತದೆ. ಬರಿಮರದ ಒಡಲಿನಲ್ಲಿ ಪುಟ್ಟಿ ಹಾಕಿದ ಜಾಗ ಪಾಲಿಷ್ ಬಿದ್ದ ಕೂಡಲೇ ಬಿಳಿಚಿಕೊಂಡು ಎದ್ದು ಕಾಣುತ್ತದೆ.

ಇನ್ನು ಹಣ. ಪೆಟ್ಟಿಗೆಯ ಬೆಲೆಯೊಂದೇ ಲೆಕ್ಕವಲ್ಲ. ಒಳ್ಳೆಯ ಕಿಟ್‌ಗಳು ಸ್ಪೇನ್, ಇಟಲಿ, ಇಂಗ್ಲೆಂಡ್, ಅಮೆರಿಕದಿಂದ ಬರುತ್ತವೆ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿದಾಗ ಸಣ್ಣ ಕಿಟ್‌ಗೆ ಅದರ ಬೆಲೆಯಷ್ಟೇ ಮತ್ತೆ ಬೀಳಬಹುದು. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ದೋಣಿಯ ಕಿಟ್ ಹಿಡಿಯುತ್ತದೆ, ವಿಕ್ಟರಿ ಹಿಡಿಯುವುದಿಲ್ಲ.

ಸಣ್ಣ ದೋಣಿ: ನೋಡಲು ಸಾದಾ, ಕಲಿಸುವುದು ಬಹಳ

ಅಮೆರಿಕದ ಮಾಡೆಲ್ ಶಿಪ್‌ವೇಸ್‌ನವರ ಕಿಟ್‌ಗಳಲ್ಲಿ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ (1:24), ನಾರ್ವೇಜಿಯನ್ ಸೇಲಿಂಗ್ ಪ್ರಾಮ್ (1:12), ಮಸ್ಕಾಂಗಸ್ ಬೇ ಲಾಬ್‌ಸ್ಟರ್ ಸ್ಮ್ಯಾಕ್ (1:24) ಎಂಬ ಮೂರು ಒಂದರ ಮೇಲೊಂದು ಮೆಟ್ಟಿಲಿನಂತಿವೆ. ಡೋರಿಗೆ ಬದಿಗೆ ಕೆಲವೇ ಹಲಗೆ, ಕೂವೆಯಿಲ್ಲ. ಪ್ರಾಮ್‌ನಲ್ಲಿ ಒಂದರ ಮೇಲೊಂದು ಹೊದ್ದ ಹಲಗೆ, ಒಂದು ಪುಟ್ಟ ಹಾಯಿ. ಮೂರನೆಯದಕ್ಕೆ ಬಂದಾಗ ನಿಜವಾದ ಹಡಗಿನ ಕ್ರಮದಲ್ಲೇ ಅಡ್ಡಹಲಗೆಗಳ ಮೇಲೆ ಪಟ್ಟಿ ಹೊದಿಸುವುದು, ಒಂದು ಕೂವೆ ನಿಲ್ಲಿಸುವುದು.

ಮೂರನ್ನೂ ಮಾಡಿದವರಿಗೆ ಹಲಗೆ ಕೊರೆಯುವುದು, ಬಗ್ಗಿಸುವುದು, ಅಂಚು ಚೆರೆಯುವುದು ಎಲ್ಲ ಬಂದಿರುತ್ತದೆ. ಕೆಟ್ಟರೆ ಹೋಗುವುದು ಒಂದೆರಡು ವಾರದ ಕೆಲಸ ಮಾತ್ರ. ಕೊರತೆ ಎಂದರೆ ಶೋಕೇಸಿನಲ್ಲಿಟ್ಟಾಗ ಬಂದವರು ‘ಓ, ದೋಣಿ’ ಎಂದು ಮುಂದೆ ಹೋಗುತ್ತಾರೆ. ಆ ಒಂದು ಮಾತು ಸಹಿಸುವುದಾದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಾಗಣೆ ಖರ್ಚು ಉಳಿಸಲು ಮೂರನ್ನೂ ಒಟ್ಟಿಗೆ ತರಿಸುವುದು ವಾಸಿ.

ಕೆತ್ತಿದ ಒಡಲು: ಮೂತಿಯ ಭಯವೇ ಇಲ್ಲ

ಇನ್ನೊಂದು ಬಗೆಯ ಕಿಟ್‌ನಲ್ಲಿ ಒಡಲು ಒಂದೇ ಮರದ ತುಂಡು, ಯಂತ್ರದಲ್ಲಿ ಮುಕ್ಕಾಲುಪಾಲು ಕೆತ್ತಿಯೇ ಬಂದಿರುತ್ತದೆ. ನ್ಯೂಯಾರ್ಕ್ ಬಂದರಿನ 1868ರ ಪೈಲಟ್ ದೋಣಿ (ಬಂದರಿಗೆ ಬರುವ ಹಡಗುಗಳಿಗೆ ದಾರಿತೋರುಗರನ್ನು ಒಯ್ಯುವ ದೋಣಿ) ಫ್ಯಾಂಟಮ್ (1:96) ಇದರ ಒಳ್ಳೆಯ ಉದಾಹರಣೆ. ನಕ್ಷೆಯಲ್ಲಿನ ಅಡ್ಡಕೊಯ್ತಗಳನ್ನು ರಟ್ಟಿನಲ್ಲಿ ಕತ್ತರಿಸಿ, ಒಡಲಿಗೆ ಹಿಡಿದು, ಬೆಳಕು ತೂರುವ ಕಡೆ ನೋಡಿಕೊಂಡು ಉಜ್ಜುತ್ತಾ ಹೋಗಬೇಕು. ಎರಡೂ ಬದಿಗೆ ಒಂದೇ ರಟ್ಟನ್ನು ಹಿಡಿಯಬೇಕು. ಎಡಕ್ಕೊಂದು ಬಲಕ್ಕೊಂದು ಕತ್ತರಿಸಿದರೆ ಒಡಲು ಸೊಟ್ಟಗಾಗುವುದು ಖಾತ್ರಿ.

ಕಷ್ಟದ ಜಾಗ ಡೆಕ್ಕಿನ ಸುತ್ತಲಿನ ತೆಳು ಗೋಡೆ. ಅದನ್ನು ಎರಡು ಮಿ.ಮೀ. ಆಸುಪಾಸಿಗೆ ತರುವಾಗ ಉಳಿ ಜಾರಿದರೆ ಗೋಡೆ ಸೀಳುತ್ತದೆ. ಬಣ್ಣ ಬಳಿಯುವ, ತಳಕ್ಕೆ ತಾಮ್ರ ಹೊದಿಸುವ ಹಡಗಿಗೆ ಈ ಕ್ರಮ ಸರಿ. ಬರಿಮರದ ಹಲಗೆಗಳು ಸಾಲಾಗಿ ಕಾಣಬೇಕೆನ್ನುವವರಿಗೆ ಹೊಂದದು. ಕೆತ್ತನೆಯ ಕೈ ಇದ್ದವರಿಗೆ ಇದರಲ್ಲಿ ಪಟ್ಟಿ ಹೊದಿಸುವುದಕ್ಕಿಂತ ಹೆಚ್ಚು ಸುಖವಿದೆ.

ಪಟ್ಟಿ ಹೊದಿಸಿದ ಒಡಲು: ಒಂದು ಪದರವೋ, ಎರಡೋ?

ಮಾರುಕಟ್ಟೆಯ ಕಿಟ್‌ಗಳಲ್ಲಿ ಹೆಚ್ಚಿನವು ಈ ಬಗೆ. ಪ್ಲೈವುಡ್ಡಿನ ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಸಿಕ್ಕಿಸುವ ಅಡ್ಡಹಲಗೆಗಳು, ಅವುಗಳ ಮೇಲೆ ಪಟ್ಟಿ. ಯುರೋಪಿನ ಕಿಟ್‌ಗಳು ಸಾಮಾನ್ಯವಾಗಿ ಎರಡು ಪದರದವು. ಒಳಗೆ 1.5 ಮಿ.ಮೀ. ಆಸುಪಾಸಿನ ಲೈಮ್ ಮರ (ನಿಂಬೆಯಲ್ಲ, ಯುರೋಪಿನ ಲಿಂಡನ್), ಹೊರಗೆ 0.5ರಿಂದ 1 ಮಿ.ಮೀ.ನ ವಾಲ್ನಟ್ ಅಥವಾ ಅಂಥದ್ದೇ ಕಂದು ಮರ. ಅಮೆರಿಕದ ಕಿಟ್‌ಗಳಲ್ಲಿ ಒಂದೇ ಪದರ, 1.6 ಮಿ.ಮೀ. ಬಾಸ್‌ವುಡ್.

ಎರಡು ಪದರ ಎಂದರೆ ಎರಡು ಪಟ್ಟು ಕೆಲಸ ಎಂದು ಹೆದರುವವರುಂಟು. ಹೊಸಬರಿಗೆ ಅದೇ ಸುಲಭ. ಒಳಪದರ ಎಷ್ಟೇ ಒರಟಾಗಿರಲಿ, ಪುಟ್ಟಿ ತುಂಬಿ ನುಣುಪು ಮಾಡಿ ಅದರ ಮೇಲೆ ಹೊರಪದರವನ್ನು ಶಾಂತವಾಗಿ ಕೂರಿಸಬಹುದು. ಅಭ್ಯಾಸದ ಪುಸ್ತಕ ಬೇರೆ, ಉತ್ತರ ಪತ್ರಿಕೆ ಬೇರೆ ಇದ್ದ ಹಾಗೆ. ತೊಂದರೆ ಒಂದೇ: 0.5 ಮಿ.ಮೀ. ಪದರವನ್ನು ಜೋರಾಗಿ ಉಜ್ಜಿದರೆ ತೂತು ಬಿದ್ದು ಒಳಗಿನ ಬಿಳಿಮರ ಇಣುಕುತ್ತದೆ. 240 ನಂಬರಿನ ಸ್ಯಾಂಡ್‌ಪೇಪರಿಗಿಂತ ಒರಟಾದದ್ದನ್ನು ಹೊರಪದರಕ್ಕೆ ಮುಟ್ಟಿಸಬೇಡಿ.

ಮೂತಿಯ ಗಂಡಾಂತರ ಎರಡಕ್ಕೂ ಒಂದೇ, ಅದು ಬರುವುದು ಲೆಕ್ಕ ಮಾಡದೆ ಪಟ್ಟಿ ಅಂಟಿಸುವುದರಿಂದ. ಹಡಗಿನ ನಡುಮಧ್ಯದ ಅಡ್ಡಹಲಗೆಯ ಅಂಚಿಗೆ ಒಂದು ಕಾಗದದ ಪಟ್ಟಿ ಹಿಡಿದು, ಡೆಕ್ಕಿನಿಂದ ಅಡಿಮರದವರೆಗೆ ಅಳೆಯಿರಿ. 120 ಮಿ.ಮೀ. ಬಂತು, ನಿಮ್ಮ ಪಟ್ಟಿ 5 ಮಿ.ಮೀ. ಅಗಲ ಎಂದುಕೊಳ್ಳಿ. 24 ಪಟ್ಟಿ ಬೇಕು. ಈಗ ಮೂತಿಯಲ್ಲಿ ಅಳೆಯಿರಿ. 78 ಮಿ.ಮೀ. ಬಂದರೆ, ಅದನ್ನು 24ರಿಂದ ಭಾಗಿಸಿದಾಗ ಒಂದೊಂದು ಪಟ್ಟಿ ಮೂತಿಯ ಹತ್ತಿರ 3.25 ಮಿ.ಮೀ.ಗೆ ಕಿರಿದಾಗಬೇಕು. ಪರವಾಗಿಲ್ಲ. ಆದರೆ 55 ಮಿ.ಮೀ. ಬಂದರೆ ತಲಾ 2.3 ಮಿ.ಮೀ. ಆಯಿತು, ಅಂದರೆ ಪಟ್ಟಿಯ ಅರ್ಧಕ್ಕಿಂತ ಕಡಿಮೆ. ಅಷ್ಟು ಚೂಪು ಮಾಡಿದ ತುದಿ ಮುರಿಯುತ್ತದೆ, ಮೊಳೆಯನ್ನೂ ಹಿಡಿಯದು. ಆಗ ಎರಡು ಪಟ್ಟಿಗಳನ್ನು ಮೂತಿಗೆ ತಲುಪುವ ಮೊದಲೇ ನಿಲ್ಲಿಸಿ 22ಕ್ಕೆ ಇಳಿಸಬೇಕು. ಮೂತಿ ಗುಂಡಗಾದಷ್ಟೂ ಈ ತಾಪತ್ರಯ ಹೆಚ್ಚು, ವೀಳ್ಯದೆಲೆಯ ಮೂತಿಯಲ್ಲಿ ಇದು ಬಾರದೇ ಹೋಗಬಹುದು.

ಎರಡನೆಯ ತಪ್ಪು ಅಡಿಮರಕ್ಕೆ ತಾಗುವ ಮೊದಲ ಪಟ್ಟಿಯದು. ಅದು ಮೂತಿಯ ಬಳಿ ಮೇಲಕ್ಕೇರಲು ನೋಡುತ್ತದೆ. ಏರಲು ಬಿಟ್ಟರೆ ಅದರ ಮೇಲೆ ಬರುವ ಎಲ್ಲ ಪಟ್ಟಿಗಳಿಗೂ ಜಾಗ ಕಿರಿದಾಗಿ, ಒಂದರ ಅಂಚು ಇನ್ನೊಂದರ ಮೇಲೆ ಹಂಚಿನ ಸಾಲಿನಂತೆ ಏಳುತ್ತದೆ. ತುದಿಯನ್ನು ದುಂಡಗೆ ಕತ್ತರಿಸಿ ಕೆಳಗೇ ನಿಲ್ಲಿಸಿ. ಪಟ್ಟಿಯನ್ನು ಅಗಲದ ದಿಕ್ಕಿಗೆ ಬಲವಂತವಾಗಿ ಬಗ್ಗಿಸಿದರೆ ಸುರುಟಿಕೊಳ್ಳುತ್ತದೆ. ದಪ್ಪದ ದಿಕ್ಕಿಗೆ ಬಗ್ಗಿಸಲು ಹತ್ತು ಹದಿನೈದು ನಿಮಿಷ ಬಿಸಿನೀರಲ್ಲಿ ನೆನೆಸಿ ಕೂದಲು ನೇರ ಮಾಡುವ ಸ್ಟ್ರೇಟ್‌ನರ್ ಸಾಕು, ದುಬಾರಿ ಉಪಕರಣ ಬೇಡ. ಬಗ್ಗಿಸಿದ ಪಟ್ಟಿಯನ್ನು ಬಟ್ಟೆ ಕ್ಲಿಪ್ಪು ಹಾಕಿ ಹಾಗೇ ಒಣಗಲು ಬಿಟ್ಟು ಮರುದಿನ ಅಂಟಿಸಿ. ಒದ್ದೆ ಪಟ್ಟಿ ಅಂಟಿಸಿದರೆ ಒಣಗಿ ಕುಗ್ಗಿದ ಮೇಲೆ ಸಂದು ಬಿಡುತ್ತದೆ.

ಅಂಟಿನ ವಿಷಯ: ಫೆವಿಕಾಲ್‌ನಂಥ ಬಿಳಿ ಅಂಟು ನಿಧಾನ, ಆದರೆ ತಪ್ಪಾದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಬಿಡಿಸಬಹುದು. ಫೆವಿಕ್ವಿಕ್‌ನಂಥದ್ದು ಕ್ಷಣದಲ್ಲಿ ಹಿಡಿಯುತ್ತದೆ, ಮರದೊಳಗೆ ಇಳಿದು ಕಲೆಯನ್ನೂ ಬಿಡುತ್ತದೆ. ಆ ಕಲೆಯ ಮೇಲೆ ಪಾಲಿಷ್ ಇಳಿಯುವುದಿಲ್ಲ. ಬರಿಮರದ ಒಡಲಿಗೆ ಬಿಳಿ ಅಂಟೇ ಸರಿ. ಬಣ್ಣದ ಒಡಲಿಗೆ ಎರಡನ್ನೂ ಬಳಸಬಹುದು: ಪಟ್ಟಿಯ ಉದ್ದಕ್ಕೆ ಬಿಳಿ ಅಂಟು, ಹಿಡಿದು ನಿಲ್ಲಿಸಲು ಅಲ್ಲಲ್ಲಿ ಒಂದೊಂದು ಹನಿ ಇನ್ನೊಂದು.

ಈ ಬಗೆಯಲ್ಲೇ ಮೂರು ಹಡಗು

ಬ್ಲೂನೋಸ್ 1921ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ನೀರಿಗಿಳಿದ ಮೀನುಗಾರಿಕೆಯ ಸ್ಕೂನರ್. ಆ ದೇಶದ ಹತ್ತು ಸೆಂಟ್ ನಾಣ್ಯದ ಮೇಲೆ ಕಾಣುವ ಹಡಗು ಇದೇ. ಮೂಲದ ಉದ್ದ 143 ಅಡಿ, 1:64ರಲ್ಲಿ ಒಡಲು 68 ಸೆಂ.ಮೀ., ಮುಂದಿನ ಹಿಂದಿನ ತೊಲೆಗಳು ಸೇರಿ 85 ಸೆಂ.ಮೀ. ಆಸುಪಾಸು. ಎರಡು ಕೂವೆ, ಫಿರಂಗಿಯಿಲ್ಲ, ಮೂತಿ ಚೂಪು, ಮೇಲೆ ಕಪ್ಪು ಬಣ್ಣ, ತಳಕ್ಕೆ ಕೆಂಪು. ಅಂದರೆ ಪುಟ್ಟಿಗೆ ಅವಕಾಶವಿದೆ. ನೋಡಿದವರು ‘ಹಡಗು’ ಎಂದೇ ಒಪ್ಪುವ, ಹೊಸಬರೂ ಮುಗಿಸಬಹುದಾದ ಹಡಗು ಬೇಕೆಂದರೆ ಇದೇ. ಡೆಕ್ಕಿನ ಸುತ್ತಲಿನ ಗೋಡೆಯ ಸಣ್ಣ ಸಣ್ಣ ಊರೆಗಂಬಗಳು ಮಾತ್ರ ತಾಳ್ಮೆ ಪರೀಕ್ಷಿಸುತ್ತವೆ. ಪಟ್ಟಿ ಹೊದಿಸುವಾಗ ಕೈ ತಗುಲಿ ಒಂದೊಂದಾಗಿ ಮುರಿಯುತ್ತವೆ.

ಶೆರ್‌ಬೋರ್ನ್ 1763ರ ಬ್ರಿಟಿಷ್ ಕಟರ್, ಅಂದರೆ ಒಂದೇ ಕೂವೆಯ ಪುಟ್ಟ ಹಡಗು, ಹತ್ತು ಫಿರಂಗಿಯದು. 1:64ರಲ್ಲಿ ಚಿಕ್ಕದಾಗಿ ಅಚ್ಚುಕಟ್ಟಾಗಿ ಬರುತ್ತದೆ. ಒಂದೇ ಕೂವೆಯಾದ್ದರಿಂದ ಹಗ್ಗ ಕಡಿಮೆ. ಆದರೆ ಮೂತಿ ಅಪ್ಪಟ ತೆಂಗಿನ ಚಿಪ್ಪು. ಹಾಗಿದ್ದೂ ಎರಡು ಪದರದ ಕಿಟ್ ಆದ್ದರಿಂದ ಒಳಪದರದಲ್ಲಿ ಎಡವಿ ಹೊರಪದರದಲ್ಲಿ ಸರಿಪಡಿಸಿಕೊಳ್ಳಬಹುದು. ಫಿರಂಗಿ ಬೇಕೇ ಬೇಕು ಎನ್ನುವವರಿಗೆ ವಿಕ್ಟರಿಗಿಂತ ಇದು ನೂರು ಪಾಲು ಮೇಲು. ಒಂದು ಎಚ್ಚರಿಕೆ: ಇದರ ತಳಕ್ಕೆ ತಾಮ್ರ ಹೊದಿಸಬೇಡಿ. ಬ್ರಿಟಿಷ್ ನೌಕಾಪಡೆ ತಾಮ್ರವನ್ನು ವ್ಯಾಪಕವಾಗಿ ಹೊದಿಸಲು ತೊಡಗಿದ್ದು 1780ರ ಆಸುಪಾಸಿನಲ್ಲಿ. 1763ರ ಕಟರಿಗೆ ತಳದಲ್ಲಿ ಮಾಸಲು ಬಿಳಿ ಬಳಿದರೆ ಸರಿ.

ಇನ್ನು ಮೂರು ಕೂವೆಯವು. ಅವುಗಳಲ್ಲಿ ಕಟ್ಟಿ ಸಾರ್ಕ್ (1869, ಈಗ ಗ್ರಿನಿಚ್‌ನಲ್ಲಿದೆ) ಒಡಲಿನ ಮಟ್ಟಿಗೆ ಸುಲಭ. ಮೂತಿ ಚೂರಿಯಂತಿದೆ. ಹಗ್ಗದ ಮಟ್ಟಿಗೆ ಮಹಾಕಷ್ಟ. ವಿಕ್ಟರಿ ಎರಡರಲ್ಲೂ ಕಷ್ಟ. 1:72ರ ದೊಡ್ಡ ಕಿಟ್ ಮುಗಿದಾಗ 1385 ಮಿ.ಮೀ. ಉದ್ದ, ಬೆಲೆ ಸಾಗಣೆ ಸೇರಿ ಲಕ್ಷ ರೂಪಾಯಿ ಮೀರುತ್ತದೆ. ದಿನಕ್ಕೊಂದು ಗಂಟೆ ಕೂರುವವರಿಗೆ ಇದು ಹಲವು ವರ್ಷಗಳ ಕೆಲಸ. ಎರಡನೆಯ ಅಥವಾ ಮೂರನೆಯ ಹಡಗಾಗಿ ಕೈಗೆತ್ತಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುವ, ತಯಾರಕರ ಹೆಸರೇ ಇಲ್ಲದ ಲೇಸರ್ ಕಟ್ ಕಿಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಚನೆಗಳ ಬದಲು ನಾಲ್ಕು ಚಿತ್ರ, ದಾರದ ಬದಲು ನೈಲಾನ್, ಅಡ್ಡಹಲಗೆಗೆ ಬಾಗಿದ ಪ್ಲೈ. ಚಾಕು ಹಿಡಿಯುವ ಅಭ್ಯಾಸಕ್ಕೆ ಸಾಕು.

ಕಿಟ್ ಇಲ್ಲದೆ ಇಲ್ಲಿನ ಮರದಲ್ಲೇ ಕಟ್ಟುವುದಾದರೆ

ಖರ್ಚು ಕಡಿಮೆ, ಸ್ವಾತಂತ್ರ್ಯ ಹೆಚ್ಚು, ಸಮಯ ದುಪ್ಪಟ್ಟು. ಬ್ರಿಟಿಷ್ ಹಡಗುಗಳ ಮೂಲ ನಕ್ಷೆಗಳ ಪ್ರತಿಗಳನ್ನು ಗ್ರಿನಿಚ್‌ನ ನ್ಯಾಷನಲ್ ಮಾರಿಟೈಮ್ ಮ್ಯೂಸಿಯಂ ಮಾರುತ್ತದೆ. ನಮ್ಮ ಕರಾವಳಿಯ ಪತ್ತೆಮಾರಿ, ಮಂಜಿ ಎಂಬ ಹಾಯಿಹಡಗು ಕಟ್ಟಬೇಕೆನ್ನುವವರಿಗೆ ದಾರಿ ಕಠಿಣ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಮೇಸ್ತ್ರಿಗಳು ನಕ್ಷೆಯಿಲ್ಲದೆ ಕಣ್ಣಳತೆಯಲ್ಲೇ ಕಟ್ಟುತ್ತಾ ಬಂದವರು, ಕಾಗದದ ಮೇಲೆ ಸಿಗುವುದು ಕಡಿಮೆ. ಆದರೆ ಒಂದೆರಡು ಓರೆ ಹಾಯಿ, ಬೆರಳೆಣಿಕೆಯ ಹಗ್ಗ, ಫಿರಂಗಿಯ ರಗಳೆಯಿಲ್ಲ. ಕಟ್ಟಲು ಸುಲಭದ ಹಡಗುಗಳೇ.

ಮರ ಆರಿಸುವಾಗ ತೇಗದ ಮೋಹ ಬಿಡಿ. ನಿಜದ ಹಡಗಿಗೆ ತೇಗವೇ ರಾಜ. 1817ರಲ್ಲಿ ಮುಂಬೈಯ ಹಡಗು ಕಟ್ಟುವ ಮನೆತನ ವಾಡಿಯಾಗಳು ಮಲಬಾರಿನ ತೇಗದಲ್ಲಿ ಕಟ್ಟಿದ ಟ್ರಿಂಕೊಮಲಿ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಮಾದರಿಗೆ ಅದು ಒಗ್ಗುವುದಿಲ್ಲ. ತೇಗದ ರಂಧ್ರ 0.3 ಮಿ.ಮೀ. ಇದ್ದರೆ 1:64ರಲ್ಲಿ ಅದು ಸುಮಾರು 19 ಮಿ.ಮೀ. ತೂತಿನಂತೆ ಕಾಣುತ್ತದೆ. ಹಲಗೆಯಲ್ಲಿ ಹೆಬ್ಬೆರಳು ತೂರುವ ತೂತುಗಳಿರುವ ಹಡಗು ಯಾರೂ ಕಟ್ಟಿರಲಿಲ್ಲ. ಜೊತೆಗೆ ತೇಗದ ಎಣ್ಣೆಯಂಶ ಅಂಟನ್ನು ಸರಿಯಾಗಿ ಹಿಡಿಯಗೊಡುವುದಿಲ್ಲ, ಅಸಿಟೋನ್‌ನಲ್ಲಿ ಒರೆಸಿಯೇ ಅಂಟಿಸಬೇಕು. ಸಿಲ್ವರ್ ಓಕ್‌ನ ಮಚ್ಚೆಗಳಿಗೂ ಇದೇ ದೋಷ.

ಪೀಠೋಪಕರಣದವರ ಬಳಿ ಸಿಗುವ ಸ್ಟೀಮ್ ಬೀಚ್ ಪಟ್ಟಿಗಳಿಗೆ ಒಳ್ಳೆಯದು, ಎಳೆ ಸಣ್ಣದು, ಬಗ್ಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ (ಆಟಿ ಅಮಾವಾಸ್ಯೆಯ ಕಷಾಯದ ಹಾಲೆ ಬೇರೆ) ಬಿಳಿ, ನುಣುಪು. ರಾಟೆ, ಶ್ರೌಡ್ ಬಿಗಿಯುವ ಮೂರು ತೂತಿನ ಬಿಲ್ಲೆಗಳಂಥ ಚೂರು ಕೆಲಸಕ್ಕೆ, ಲೇಥಿನಲ್ಲಿ ಕೂವೆ ತಿರುವುದಕ್ಕೆ ಹೇಳಿಮಾಡಿಸಿದ್ದು. ಡೆಕ್ಕಿನ ಮರದ ಮೊಳೆಗಳಿಗೆ ಬಿದಿರಿನ ಸೀಳು. ಮರದಂಗಡಿಯ ದೊಡ್ಡ ಗರಗಸದಲ್ಲಿ ಪಟ್ಟಿ ಸೀಳಿಸಿದರೆ ಒಂದು ಮಿ.ಮೀ. ಪಟ್ಟಿಗೆ ಎರಡು ಮೂರು ಮಿ.ಮೀ. ಹೊಟ್ಟಾಗಿ ಹೋಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಅಡ್ಡಹಲಗೆಗೆ ಎಂಡಿಎಫ್ ಅಗ್ಗ, ಆದರೆ ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅಂಚು ಊದುತ್ತದೆ. ಕರಾವಳಿಯವರಿಗೆ ಬರ್ಚ್ ಪ್ಲೈ ಲೇಸು.

ಎಲ್ಲೇ ಆಗಲಿ, ಪಟ್ಟಿಗಳನ್ನು ಕೆಲಸ ಮಾಡುವ ಕೋಣೆಯಲ್ಲೇ ಎರಡು ವಾರ ಬಿಚ್ಚಿಟ್ಟು ಆಮೇಲೆ ಅಂಟಿಸಿ. ಜುಲೈಯ ಉಡುಪಿಯಲ್ಲಿ ತೇವ ಕುಡಿದ ಪಟ್ಟಿ ಹೊದಿಸಿದ ಹಡಗನ್ನು ಏಪ್ರಿಲ್‌ನ ಕಲಬುರಗಿಗೆ ಒಯ್ದರೆ ಸಂದುಗಳು ಗೆರೆ ಎಳೆದಂತೆ ಬಾಯಿಬಿಡುತ್ತವೆ.

ಪಾಲಿಷ್: ಅರಗು, ಎಣ್ಣೆ, ಪಾಲಿಯುರೆಥೇನ್

ಇಲ್ಲಿ ಮೊದಲ ಮಾತು: ಹೊಳಪು ಬೇಡ. ಫಳಫಳಿಸುವ ಹಡಗು ಆಟಿಕೆಯಂತೆ ಕಾಣುತ್ತದೆ. ಮ್ಯಾಟ್ ಅಥವಾ ಮೊಟ್ಟೆಯ ಚಿಪ್ಪಿನಷ್ಟು ಮಂದ ಹೊಳಪು ಸಾಕು.

ಅರಗು, ಅಂದರೆ ಶೆಲ್ಯಾಕ್, ನಮ್ಮ ಬಡಗಿಗಳ ಫ್ರೆಂಚ್ ಪಾಲಿಷ್. 100 ಮಿ.ಲೀ. ಸ್ಪಿರಿಟ್ಟಿಗೆ 12 ಗ್ರಾಂ ಅರಗಿನ ಹಕ್ಕಳೆ ಹಾಕಿ ರಾತ್ರಿಯಿಡೀ ಬಿಟ್ಟು ಸೋಸಿದರೆ ತೆಳು ದ್ರಾವಣ ಸಿದ್ಧ. ಅರ್ಧ ಗಂಟೆಯೊಳಗೆ ಒಣಗುತ್ತದೆ, ಒಂದೇ ಸಂಜೆಯಲ್ಲಿ ಮೂರು ಕೋಟು ಕೊಡಬಹುದು. ಎಲ್ಲಕ್ಕಿಂತ ದೊಡ್ಡ ಗುಣ ತಿದ್ದುವ ಅನುಕೂಲ: ಹೊಸ ಕೋಟು ಹಳೆಯದನ್ನು ಕರಗಿಸಿ ಒಂದಾಗುತ್ತದೆ. ಎರಡು ದೋಷ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಬಿಳಿ ಮಂಜು ಕವಿಯುತ್ತದೆ, ನೀರು ಬೆರೆತ ಸ್ಪಿರಿಟ್ಟಿನಿಂದಲೂ ಹಾಗೇ ಆಗುತ್ತದೆ. ಕಲಸಿ ಆರು ತಿಂಗಳಾದ ದ್ರಾವಣ ಒಣಗದೆ ಅಂಟಂಟಾಗಿ ಉಳಿಯುತ್ತದೆ. ಬಾಟಲಿಯ ಮೇಲೆ ತಾರೀಕು ಬರೆದಿಡಿ. ಡೆಕ್ಕಿಗೆ, ಕೂವೆಗೆ, ಹಗ್ಗದ ಗಂಟಿನ ತುದಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಅಗಸೆ ಎಣ್ಣೆ, ಟಂಗ್ ಎಣ್ಣೆ, ಡ್ಯಾನಿಶ್ ಆಯಿಲ್ ವಾಲ್ನಟ್ಟಿನ ಬಣ್ಣವನ್ನು ಆಳವಾಗಿ ಎತ್ತಿ ತೋರುತ್ತವೆ. ಬರಿಮರದ ಹೊರಪದರಕ್ಕೆ ಕಣ್ಣು ಮೊದಲು ಸೋಲುವುದು ಇದಕ್ಕೇ. ಬೆಲೆಯೂ ತೆರಬೇಕು: ಒಣಗಲು ದಿನಗಟ್ಟಲೆ ಬೇಕು, ಎಣ್ಣೆ ಇಳಿದ ಮರಕ್ಕೆ ಆಮೇಲೆ ಏನೂ ಅಂಟುವುದಿಲ್ಲ. ಹಾಗಾಗಿ ಒಡಲಿಗೆ ಸೇರಬೇಕಾದ ಚೂರುಪಾರೆಲ್ಲ ಅಂಟಿಸಿದ ಮೇಲೇ ಹಚ್ಚಬೇಕು. ಹಸಿ ಅಗಸೆ ಎಣ್ಣೆಗೆ ಕರಾವಳಿಯಲ್ಲಿ ಬೂಷ್ಟು ಹಿಡಿಯುತ್ತದೆ. ಇನ್ನೊಂದನ್ನು ಮರೆಯಬಾರದು: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿ.

ಪಾಲಿಯುರೆಥೇನನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಅರ್ಧಕ್ಕರ್ಧ ತೆಳು ಮಾಡಿ ಬಟ್ಟೆಯಲ್ಲಿ ಒರೆಸಿ. ದಿನಕ್ಕೊಂದರಂತೆ ಎರಡು ಮೂರು ಕೋಟು ಸಾಕು. ತೇವ, ಬೆರಳಿನ ಜಿಡ್ಡು ತಡೆಯುವುದರಲ್ಲಿ ಇದಕ್ಕೆ ಮೊದಲ ಸ್ಥಾನ. ಕಾಲಕ್ರಮೇಣ ಹಳದಿಗೆ ತಿರುಗುತ್ತದೆ, ಕೆಟ್ಟರೆ ಉಜ್ಜಿ ತೆಗೆಯದೆ ಗತಿಯಿಲ್ಲ. ನೀರಿನಲ್ಲಿ ಬೆರೆಯುವ ಬಗೆ ಹಳದಿಯಾಗದು, ಆದರೆ ಮೊದಲ ಕೋಟಿಗೇ ಮರದ ನವಿರು ಏಳಿಸುತ್ತದೆ. 400 ನಂಬರಿನಲ್ಲಿ ಸವರಿ ಎರಡನೆಯದು ಕೊಡಬೇಕು. ಶೆಲ್ಯಾಕ್ ಮೇಲೆ ಇದನ್ನು ಕೊಡುವುದಿದ್ದರೆ ಮೇಣ ತೆಗೆದ ಶೆಲ್ಯಾಕ್ಕೇ ಆಗಬೇಕು, ಇಲ್ಲವಾದರೆ ಸಿಪ್ಪೆಯೇಳುತ್ತದೆ. ಕರಾವಳಿಯ ಮನೆ, ಬಿಚ್ಚು ಶೆಲ್ಫು ಎಂದಾದರೆ ಇದನ್ನೇ ಆರಿಸಿ.

ಬಣ್ಣ ಬಳಿಯುವವರು ಸೀಲರ್, ಪ್ರೈಮರ್ ಕೊಟ್ಟ ಮೇಲೆ ನೀರುಗೆರೆ (ಒಡಲು ನೀರಿನಲ್ಲಿ ಮುಳುಗುವ ಮಟ್ಟದ ಗೆರೆ) ಎಳೆಯುವಾಗ ಒಡಲನ್ನು ಸಮತಟ್ಟಾಗಿ ನಿಲ್ಲಿಸಿ, ಪೆನ್ಸಿಲನ್ನು ಮರದ ದಿಮ್ಮಿಗೆ ಕಟ್ಟಿ ಸುತ್ತ ಒಯ್ಯಬೇಕು. ಟೇಪ್ ಅಂಟಿಸಿದ ಅಂಚಿಗೆ ಮೊದಲು ಪಾರದರ್ಶಕ ವಾರ್ನಿಷ್, ಆಮೇಲೆ ಬಣ್ಣ. ಆಗ ಬಣ್ಣ ಟೇಪಿನಡಿ ನುಸುಳುವುದಿಲ್ಲ. ತಾಮ್ರದ ತಗಡು ಹೊದಿಸುವ ಹಡಗಾದರೆ ನಿಜದ 4 ಅಡಿ × 14 ಇಂಚಿನ ತಗಡು 1:64ರಲ್ಲಿ 19 × 5.5 ಮಿ.ಮೀ. ಕೈಗವಸು ಹಾಕಿಯೇ ಅಂಟಿಸಿ. ಬರಿಗೈ ಮುಟ್ಟಿದರೆ ವಾರದಲ್ಲಿ ಬೆರಳಚ್ಚು ಕಪ್ಪಾಗಿ ಮೂಡುತ್ತದೆ.

ದಾರ

ಕಿಟ್‌ನೊಂದಿಗೆ ಬರುವ ಹತ್ತಿ ದಾರ ನಾರೆದ್ದಿರುತ್ತದೆ, ಮಳೆಗಾಲದಲ್ಲಿ ಬಿಗಿತವೂ ಬದಲಾಗುತ್ತದೆ. ಜೇನುಮೇಣದಲ್ಲಿ ಎಳೆದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಹಣ ಎಲ್ಲಿ ಹೆಚ್ಚು ಹಾಕಬೇಕು ಎಂದು ಕೇಳಿದರೆ ಪಾಲಿಯೆಸ್ಟರ್ ದಾರಕ್ಕೆ ಹಾಕಿ. ಸಡಿಲಾಗುವುದಿಲ್ಲ. ನೈಲಾನ್ ಹಿಗ್ಗುತ್ತದೆ, ಬೇಡ. ಶ್ರೌಡ್‌ಗಳಿಗೆ ಕಪ್ಪು ಅಥವಾ ಕಡುಕಂದು, ಎಳೆದಾಡುವ ಹಗ್ಗಕ್ಕೆ ತೆಂಗಿನ ನಾರಿನ ಬಣ್ಣ. ಹಳೆಯ ಕೋಷ್ಟಕಗಳಲ್ಲಿ ಹಗ್ಗದ ಅಳತೆ ಎಂದು ಕೊಟ್ಟಿರುವ ಇಂಚು ಸುತ್ತಳತೆಯದು, ದಪ್ಪದ್ದಲ್ಲ. 6 ಇಂಚಿನ ಹಗ್ಗವನ್ನು 3.14ರಿಂದ ಭಾಗಿಸಿ ಅಳತೆಗಿಳಿಸಿದರೆ 1:64ರಲ್ಲಿ 0.76 ಮಿ.ಮೀ. ಇದನ್ನು ಮರೆತವರ ಹಡಗಿನಲ್ಲಿ ಹಗ್ಗಗಳು ಹೆಬ್ಬಾವಿನಂತೆ ತೂಗುತ್ತವೆ. ಮೆಟ್ಟಿಲುಗಳ ಅಂತರ 1:64ರಲ್ಲಿ 5ರಿಂದ 6 ಮಿ.ಮೀ. ಗೆರೆ ಎಳೆದ ಕಾಗದವನ್ನು ಹಿಂದೆ ಸಿಕ್ಕಿಸಿಕೊಂಡು ಕಟ್ಟಿ, ಒಂದು ಕಣ್ಣು ಹೊರಗಿನ ಶ್ರೌಡ್‌ಗಳ ಮೇಲಿರಲಿ. ಗಂಟು ಬಿಗಿಯಾದರೆ ಅವು ಒಳಗೆ ಎಳೆದುಕೊಂಡು ಡಮರುಗದ ಆಕಾರಕ್ಕೆ ಬರುತ್ತವೆ.

ಇಡುವ ಜಾಗ

ಹಡಗು ಆರಿಸುವ ಮೊದಲು ಟೇಪು ಹಿಡಿದು ಶೆಲ್ಫು ಅಳೆಯಿರಿ. ಗಾಜಿನ ಪೆಟ್ಟಿಗೆಯ ಒಳ ಅಳತೆ ಹಡಗಿನ ಒಟ್ಟು ಉದ್ದಕ್ಕಿಂತ, ತೊಲೆಗಳೂ ಸೇರಿ, ಎರಡೂ ಕಡೆಗೆ 5 ಸೆಂ.ಮೀ. ಹೆಚ್ಚಿರಬೇಕು. ಬ್ಲೂನೋಸ್‌ಗೆ ಒಂದು ಮೀಟರಿನ ಪೆಟ್ಟಿಗೆ, ಶೆರ್‌ಬೋರ್ನ್‌ಗೆ ಅದರ ಮುಕ್ಕಾಲಿಗಿಂತ ಕಡಿಮೆ, ವಿಕ್ಟರಿಗೆ ಒಂದೂವರೆ ಮೀಟರ್. ಪೂರ್ತಿ ಗಾಳಿಯಾಡದಂತೆ ಮುಚ್ಚಬೇಡಿ. ಪ್ಲೈ, ಎಂಡಿಎಫ್ ಬಿಡುವ ಆಮ್ಲದ ಆವಿಗೆ ಸೀಸದ ಲಂಗರು, ಫಿರಂಗಿಗಳು ಬಿಳಿಪುಡಿಯಾಗಿ ಉದುರುತ್ತವೆ. ಹಿಂಬದಿ ತಳದಲ್ಲಿ ನಾಲ್ಕು ಸಣ್ಣ ತೂತು ಕೊರೆದು ಒಳಗಿನಿಂದ ತೆಳುಬಟ್ಟೆ ಅಂಟಿಸಿದರೆ ಗಾಳಿಯಾಡುತ್ತದೆ, ಜಿರಳೆ ನುಗ್ಗುವುದಿಲ್ಲ. ಗಾಜಿಗೆ ಹಣ ಸಾಲದಿದ್ದರೆ ಕೂವೆ ಕಡಿಮೆಯಿರುವ ಹಡಗನ್ನೇ ಆರಿಸಿ. ಡೋರಿಯ ಧೂಳು ಮೇಕಪ್ ಬ್ರಷ್ಷಿನಲ್ಲಿ ಎರಡು ನಿಮಿಷಕ್ಕೆ ಹೋಗುತ್ತದೆ. ಸಾವಿರ ಗಂಟಿನ ಮೇಲೆ ಕೂತ ಧೂಳು ಬ್ರಷ್ಷಿಗೂ ಜಗ್ಗುವುದಿಲ್ಲ.